ಕೆಂಪು ತಂತಿ, ಕಪ್ಪು ತಂತಿ

ಹಳೆಯ ಬಲ್ಬು ಅಂದೇ ಬೆಳಿಗ್ಗೆ ಸುಟ್ಟುಹೋಗಬೇಕೇ? ವಿಜ್ಞಾನದ ಮೇಷ್ಟ್ರ ಹಣೆಬರಹವೇ ಅಷ್ಟು. ಅಂದು ಶಿಕ್ಷಣ ಇಲಾಖೆಯ ಸಾಹೇಬರು ಪಾಠ ನೋಡಲು ಬರುವವರಿದ್ದರು, ಅವರ ಕೈಚೀಲದಲ್ಲಿ ಮೇಷ್ಟ್ರ ವರ್ಗಾವಣೆ ಅರ್ಜಿಯಿತ್ತು. ಹೆಂಡತಿ ಒಂದೂರು, ತಾವೊಂದೂರು ಎಂದು ಆರು ವರ್ಷ ಒಬ್ಬರೇ ಬೇಯಿಸಿಕೊಂಡು ತಿಂದು, ತಮ್ಮ ಕೈರುಚಿಗೆ ತಾವೇ ಹೆದರುವಂತಾಗಿದ್ದರು. ಪಾಠ ಚೆನ್ನಾಗಾದರೆ ಸಾಹೇಬರು ಖುಷಿಯಾಗಿ ಸಹಿ ಹಾಕಿಬಿಡುತ್ತಾರೆ ಎಂದು ನಂಬಿ ಕೂತಿದ್ದರು.

ಬಲ್ಬಿನ ಜಾಗಕ್ಕೆ ಪುಟ್ಟ ಎಲ್‌ಇಡಿ ಸಿಕ್ಕಿಸಿದರು. ಬಲ್ಬು ಸಾಧು ಪ್ರಾಣಿ, ತಂತಿ ಹೇಗೆ ಕೊಟ್ಟರೂ ಉರಿಯುತ್ತದೆ. ಎಲ್‌ಇಡಿ ಹಾಗಲ್ಲ, ಅದರ ಉದ್ದನೆಯ ಕಾಲು ಬ್ಯಾಟರಿಯ ಪ್ಲಸ್ಸಿಗೇ ಸೇರಬೇಕು. ಆ ಕಾಲಿನ ಕೆಂಪು ತಂತಿ ಪ್ಲಸ್ಸಿಗೆ, ಇನ್ನೊಂದರ ಕಪ್ಪು ತಂತಿ ಮೈನಸ್ಸಿಗೆ ಕೊಟ್ಟು ಸ್ವಿಚ್ಚು ಒತ್ತಿದರು. ಹೊತ್ತಿತು. ಆರಿಸಿ, ಬೋರ್ಡಿನ ಮೇಲೆ ಎಲೆಕ್ಟ್ರಾನು ಮೈನಸ್ಸಿನಿಂದ ಹೊರಟು ಪ್ಲಸ್ಸಿಗೆ ಸೇರುವ ಬಾಣ ಬರೆದು, ಸಾಹೇಬರನ್ನು ಎದುರುಗೊಳ್ಳಲು ಗೇಟಿಗೆ ಓಡಿದರು.

ಇತ್ತ ಹಿತೈಷಿಗಳು ಒಬ್ಬೊಬ್ಬರಾಗಿ ಒಳಬಂದರು.

"ಬಾಣ ಮೈನಸ್ಸಿಂದ ಹೊರಟಿದೆ, ಕರೆಂಟು ಹೊರಡೋ ಕೆಂಪು ತಂತಿ ನೋಡಿದ್ರೆ ಪ್ಲಸ್ಸಲ್ಲಿದೆ. ಗಾಬರೀಲಿ ಉಲ್ಟಾ ಮಾಡ್ಕೊಂಡಿದ್ದಾರೆ, ಪಾಪ" ಎಂದು ಗಣಿತದ ಮೇಷ್ಟ್ರು ತಂತಿಗಳನ್ನು ಅದಲುಬದಲು ಮಾಡಿದರು.

"ಕೆಂಪು ಯಾವತ್ತಿದ್ರೂ ಪ್ಲಸ್ಸಿಗೇ. ನನ್ನ ಬೈಕಿಗೂ ಹಾಗೇ ಇದೆ" ಎಂದು ಡ್ರಿಲ್ ಮೇಷ್ಟ್ರು ಮತ್ತೆ ಬದಲಿಸಿದರು.

ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಕೊನೆಗೆ ಹೆಡ್‌ಮೇಷ್ಟ್ರು ಬಂದು ಬೋರ್ಡು ನೋಡಿದರು, ಮೇಜು ನೋಡಿದರು. "ನಾನೊಬ್ಬ ಇಲ್ದಿದ್ರೆ ಈ ಶಾಲೆ ಗತಿ ಏನು!" ಎನ್ನುತ್ತಾ ಅವರೂ ಬದಲಿಸಿ ಹೋದರು.

ಪಾಠ ಶುರುವಾಯಿತು. ಸಾಹೇಬರು ಹಿಂದಿನ ಬೆಂಚಿನಲ್ಲಿ ಕೂತರು. ಮೇಷ್ಟ್ರು ಸ್ವಿಚ್ಚು ಒತ್ತಿದರು. ದೀಪವಿಲ್ಲ. ಇನ್ನೊಮ್ಮೆ ಒತ್ತಿದರು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆಗ ಮೈನಸ್ಸಿನಲ್ಲಿದ್ದ ಕೆಂಪು ತಂತಿ ಮೇಷ್ಟ್ರ ಕಣ್ಣಿಗೆ ಬಿತ್ತು. ಆರು ವರ್ಷದ ಆಸೆ ಮುಗಿಯಿತು ಎಂದುಕೊಂಡರು.

ಅದು ಹೇಗೋ, ನಾಲಿಗೆ ತಾನಾಗಿಯೇ ಹೊರಳಿತು. "ನೋಡಿ ಮಕ್ಕಳೇ, ಬೇಕಂತಲೇ ತಪ್ಪು ಮಾಡಿದ್ದೀನಿ. ಯಾರು ಕಂಡುಹಿಡೀತೀರಿ?"

ಹುಡುಗಿಯೊಬ್ಬಳು ಎದ್ದು ಬಂದು ತಂತಿ ಬದಲಿಸಿದಳು. ದೀಪ ಜಗ್ಗನೆ ಹೊತ್ತಿತು. "ಸರ್, ಎಲೆಕ್ಟ್ರಾನು ಅಷ್ಟು ಜೋರಾಗಿ ಓಡುತ್ತಾ?"

"ಇಲ್ಲಮ್ಮ, ಬಸವನ ಹುಳಕ್ಕಿಂತ ನಿಧಾನ. ಆದ್ರೆ ತಂತಿ ತುಂಬಾ ಮೊದಲೇ ಸಾಲಾಗಿ ನಿಂತಿರ್ತವೆ. ಹಿಂದಿನದು ತಳ್ಳೋ ಹೊತ್ತಿಗೆ ಮುಂದಿನದು ಹೊರಟಾಗಿರುತ್ತೆ."

ಸಾಹೇಬರು ಎದ್ದು ಬಂದು ಮೇಷ್ಟ್ರ ಕೈ ಹಿಡಿದು ಕುಲುಕಿದರು. "ತಪ್ಪು ಮಾಡಿ ತೋರಿಸಿ ಕಲಿಸೋ ಧೈರ್ಯ ಯಾರಿಗಿದೆ ಮೇಷ್ಟ್ರೇ? ಇಂಥ ಪಾಠ ನಾನು ನೋಡೇ ಇಲ್ಲ!" ಎಂದು ಅಲ್ಲೇ ಅರ್ಜಿ ತೆಗೆದು, ನಾಲ್ಕು ಸಾಲು ಬರೆದು, ಸಹಿ ಹಾಕಿ ಕೊಟ್ಟರು. ಮೇಷ್ಟ್ರ ಕಣ್ಣು ತುಂಬಿ ಬಂತು. ಒರೆಸಿಕೊಂಡು ಓದಿದರು: 'ಇಂಥ ಅಪರೂಪದ ಶಿಕ್ಷಕರನ್ನು ಈ ಶಾಲೆ ಕಳೆದುಕೊಳ್ಳಬಾರದು. ಅರ್ಜಿ ತಿರಸ್ಕರಿಸಲಾಗಿದೆ.'

ಮಧ್ಯಾಹ್ನ ಹೆಂಡತಿಯ ಫೋನು ಬಂತು. "ಪಾಠ ಹೇಗಾಯ್ತುರೀ?"

"ತುಂಬಾ ಚೆನ್ನಾಗಾಯ್ತು ಕಣೇ."

"ಹಾಗಾದ್ರೆ ಬರ್ತಿದ್ದೀರಾ!"

"ಇಲ್ಲ ಕಣೇ. ಬರ್ಬೇಕು ಅಂದ್ರೆ ಸ್ವಲ್ಪ ಕೆಟ್ಟದಾಗಿ ಮಾಡ್ಬೇಕಿತ್ತಂತೆ."