ಒಂದು ಮೋಟಾರು, ಐದು ಗೆರೆ

ಹಟಮಾರಿಗಳು ನಗೆಯ ಪ್ರಸಂಗ ಹುಡುಕಬೇಕಾಗಿಲ್ಲ, ಅವೇ ವಿಳಾಸ ಕೇಳಿಕೊಂಡು ಬರುತ್ತವೆ. ಎರಡು ಸಾವಿರದ ಇಸವಿಯ ಆಚೀಚೆ ಲಕಮನಹಳ್ಳಿಯ ಸಣ್ಣ ಕಾರ್ಖಾನೆಯೊಂದರಲ್ಲಿ ನಾನೊಬ್ಬಳೇ ಹೆಣ್ಣು ಇಂಜಿನಿಯರ್. ಹಿಟ್ಟಿನ ಗಿರಣಿಯ ಮೋಟಾರಿನ ವೇಗ ಹತೋಟಿಯಲ್ಲಿಡುವ ಪೆಟ್ಟಿಗೆ ಮಾಡುತ್ತಿದ್ದೆವು. ಅದಕ್ಕೂ ಮೊದಲು ಆ ಮೋಟಾರಿನ ಗಣಿತದ ಮಾದರಿಯನ್ನು ಕಂಪ್ಯೂಟರಿನಲ್ಲಿ ಕಟ್ಟುವುದು ನನ್ನ ಕೆಲಸ.

ಪ್ರಿಂಟರ್ ರಿಪೇರಿ

ಮಾಲೀಕರಿಗೆ ಒಂದು ಮಾದರಿ ಸಾಕಿತ್ತು. ನನಗೆ ಸಾಲಲಿಲ್ಲ. ಗಿರಣಿ ಖಾಲಿ ಇದ್ದಾಗ ಒಂದು. ಗೋಧಿ, ಜೋಳ, ಕಡಲೆ, ಮೆಣಸಿನಕಾಯಿ ಬಿದ್ದಾಗ ಒಂದೊಂದು. ಐದನ್ನೂ ಜೋಡಿಸಿ ಒಂದೇ ಕಟ್ಟು, ಕಂಪ್ಯೂಟರಿನ ಭಾಷೆಯಲ್ಲಿ ‘ಅರೇ’, ಮಾಡಿದೆ. ಕಂಪ್ಯೂಟರಿಗೆ ಒಮ್ಮೆ ಹೇಳಿದರೆ ಐದರ ವೇಗದ ಗೆರೆಯೂ ಒಂದೇ ಹಾಳೆಯಲ್ಲಿ ಮೂಡುತ್ತಿತ್ತು. ಮಾಲೀಕರು ಹಾಳೆ ನೋಡಿ, ಯಂತ್ರ ಕೆಟ್ಟಿದೆಯೆಂದು ಪ್ರಿಂಟರ್ ರಿಪೇರಿಯವನನ್ನು ಕರೆಸಿದರು. ಅವನು ಬಿಚ್ಚಿ ಒರೆಸಿ ಮತ್ತೆ ಛಾಪಿಸಿದ. ಮತ್ತೆ ಐದು ಗೆರೆ.

"ಪ್ರಿಂಟರ್ ಛಲೋ ಐತ್ರಿ ಸಾಹೇಬ್ರ. ರಿಪೇರಿ ಮೇಡಮ್ಮಾರದ್ದ ಆಗಬೇಕು."

ಕೂಡದ ಮೆಣಸಿನಕಾಯಿ

ಮರುವಾರ ಮೆಣಸಿನಕಾಯಿಯ ಮಾದರಿಯಲ್ಲಿ ವೇಗದ ಜೊತೆ ಮೋಟಾರು ಎಳೆಯುವ ಕರೆಂಟನ್ನೂ ಸೇರಿಸಿದೆ. ಸಾಫ್ಟ್‌ವೇರ್ ಜೋಡಿಸಲು ಒಪ್ಪಲಿಲ್ಲ. ಉಳಿದವು ಒಂದೊಂದೇ ಲೆಕ್ಕ ಹೊರಗೆ ಕೊಡುವಾಗ ಇದೊಂದು ಎರಡು ಕೊಡುವಂತಿಲ್ಲ. ಫೋರ್ಮನ್ ಕಾಕಾ, ಮೆಣಸಿನಕಾಯಿ ಬಿಟ್ಟುಬಿಡು ಎಂದು ಬುದ್ಧಿ ಹೇಳಿದರು. ಬಿಡಲಿಲ್ಲ. ಉಳಿದ ನಾಲ್ಕಕ್ಕೂ ಕರೆಂಟ್ ಅಳೆಯಲು ಎರಡು ದಿನ ನಮ್ಮ ಶೆಡ್ಡಿನಲ್ಲಿದ್ದ ಪರೀಕ್ಷೆಯ ಗಿರಣಿ ಓಡಿಸಿದೆ. ಕಾಕಾ ಗೊಣಗುತ್ತಲೇ ಅದರಲ್ಲಿ ಬೀಸಿದ ಕಡಲೆಹಿಟ್ಟು ಮನೆಗೆ ಒಯ್ದರು.

ಮೂರನೆಯ ದಿನ ತಾವಾಗಿಯೇ ಬಂದು ನಿಂತರು. "ಮನ್ಯಾಗ ಖಾರಪುಡಿ ಮುಗದೈತಿ. ಮೆಣಸಿನಕಾಯಿ ಇನ್ನೊಮ್ಮೆ ಅಳಿಯೂದು ಛಲೋ ಅಲ್ಲೇನವಾ?"

ಗಿರಾಕಿ ಬಂದ ದಿನ

ನಮ್ಮ ಪೆಟ್ಟಿಗೆ ನೋಡಲು ಬೆಂಗೇರಿಯ ಗಿರಣಿ ಯಜಮಾನರು ಬರುವವರಿದ್ದರು. ಮೆಣಸಿನಕಾಯಿಯ ಗೆರೆ ಸಿಕ್ಕಾಪಟ್ಟೆ ಕುಣಿಯುತ್ತದೆ, ಗಿರಾಕಿ ಹೆದರುತ್ತಾರೆ, ಖಾಲಿ ಗಿರಣಿಯದೊಂದು ಇಟ್ಟು ಉಳಿದ ನಾಲ್ಕು ಅಳಿಸು ಎಂದರು ಮಾಲೀಕರು. ಅಳಿಸಿದರೆ ಹಾಳೆಗೆ ಸಹಿ ಹಾಕುವುದಿಲ್ಲ, ಬೇಕಾದರೆ ಬೇರೆಯವರನ್ನು ನೋಡಿಕೊಳ್ಳಿ ಎಂದೆ. ಗಿರಾಕಿ ಬಂದಾಗ ಐದೂ ಗೆರೆಯ ಹಾಳೆಯನ್ನೇ ಮೇಜಿನ ಮೇಲಿಟ್ಟೆ.

ಯಜಮಾನರು ಕುಣಿಯುವ ಗೆರೆಯ ಮೇಲೆ ಬೆರಳಿಟ್ಟರು. "ಇದು ಖರೇ ನಮ್ಮ ಗಿರಣಿ. ಬ್ಯಾರೇದವ್ರು ಬರೇ ನೆಟ್ಟನ ಗೆರಿ ತೋರಿಸಿ ಹೋದ್ರು." ಅಲ್ಲೇ ಆರ್ಡರ್ ಕೊಟ್ಟರು.

ಐದೂ ಇರಲಿ ಎಂದು ಹಟ ಹಿಡಿದದ್ದು ನಾನೇ ಎಂದು ಮಾಲೀಕರು ಅವರಿಗೆ ಹೇಳಿಕೊಂಡರು.

"ಇಲ್ರಿ, ನಾಕು ಅಳಸು ಅಂದವರು ಇವರ," ಎಂದೆ.

ಗಿರಾಕಿಯನ್ನು ಗೇಟಿನ ತನಕ ಬಿಟ್ಟುಬಂದ ಮಾಲೀಕರು ಬಾಗಿಲು ಮುಂದೆ ಮಾಡಿ ಎದುರು ಕೂತರು. ನೌಕರಿ ಹೋಯಿತೆಂದು ನಾನು ಆಗಲೇ ಚೀಲ ಎತ್ತಿಕೊಂಡಿದ್ದೆ.

"ಮುಂದಿನ ಗಿರಾಕಿಗೆ ಹತ್ತು ಗೆರಿ ಬೇಕು. ಐದು ನೀವು ಹಾಕ್ರಿ, ಉಳದ ಐದು ನಾ ಪೆನ್ಸಿಲ್‌ಲೆ ಎಳೀತೇನಿ."