ಕೊಡೆ ಕಾರ್ಖಾನೆಯ ಸಿಪಾಯಿ

ಆ ವರ್ಷ ಟೆರಿಟೋರಿಯಲ್ ಆರ್ಮಿಯ ಕ್ಯಾಂಪು ಮೇ ತಿಂಗಳಿಗೆ ಬಿತ್ತು. ಎಡವಟ್ಟು ಶುರುವಾದದ್ದೇ ಅಲ್ಲಿಂದ.

ಎಂಬತ್ತರ ದಶಕದ ಮಾತು. ಮೈಸೂರಿನ ನಂಜುಂಡ ಜೋಗೇಶ್ವರಿಯ ಕೊಡೆ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ವರ್ಷಕ್ಕೊಂದು ತಿಂಗಳು ಮಾತ್ರ ಸಿಪಾಯಿ. ಅವನು ಸಮವಸ್ತ್ರ ತೊಟ್ಟು ಹೊರಟರೆ ಚೆಂಬೂರಿನಲ್ಲಿ ಅವನಿದ್ದ ಬಿಲ್ಡಿಂಗಿಗೆ ಬಿಲ್ಡಿಂಗೇ ಗ್ಯಾಲರಿಗೆ ಬಂದು ನಿಲ್ಲುತ್ತಿತ್ತು. ಎಂಥ ಸೊಗಸಿನ ಕಾಲ ಅದು! ಟೀವಿ ಇಲ್ಲದವರಿಗೆ ಪಕ್ಕದ ಮನೆಯವರೇ ಸಾಕಾಗಿದ್ದರು.

ಆದರೆ ಮೇ ಎಂದರೆ ಕೊಡೆಯ ಸೀಸನ್. ಮೊದಲ ಮಳೆ ಬೀಳುವಷ್ಟರಲ್ಲಿ ಊರಿಗೆಲ್ಲ ಕೊಡೆ ಹೋಗಬೇಕು. ಕಾರ್ಖಾನೆಯ ಮಾಲೀಕ ಸೇಠ್ ಕೆಂಡವಾದರು.

"ಮೇನಲ್ಲಿ ಹೋಗು, ಲೇಕಿನ್ ದಸರಾ ಛುಟ್ಟಿ ಕೇಳಬೇಡ. ದೋ ದೋ ಛುಟ್ಟಿ ನಹೀ ಮಿಲೇಗಾ!"

ನಂಜುಂಡ ಸಿಕ್ಕಿಕೊಂಡದ್ದು ಅಲ್ಲೇ. ದಸರಾಕ್ಕೆ ಮೈಸೂರಿಗೆ ಕರೆದೊಯ್ಯುತ್ತೇನೆಂದು ಹೆಂಡತಿ ಶಾಮಲಾಗೆ ಮಾತು ಕೊಟ್ಟು ವರ್ಷಗಳೇ ಆಗಿದ್ದವು. ಆ ಗೊಂಬೆ, ಆ ದೀಪ, ಅತ್ತೆಯ ಕೈಯ ಚಕ್ಕುಲಿ ನೆನೆದರೆ ಅವನಿಗೂ ಕಣ್ಣು ಒದ್ದೆಯಾಗುತ್ತಿತ್ತು.

ಕೊಡೆಗೆ ಕಡ್ಡಿ ಜೋಡಿಸುವ ಅಣವೀರಪ್ಪ ಸುಮ್ಮನಿರಲಿಲ್ಲ. "ಕ್ಯಾಪ್ಟನ್ ಸಾಹೇಬ್ರಿಗೆ ಹೇಳ್ರಿ ನಂಜುಂಡಣ್ಣ, ನಮ್ ಸೀಸನ್ ಮುಗದ ಮ್ಯಾಲ ಕ್ಯಾಂಪ್ ಇಡ್ರಿ ಅಂತ. ಕೇಳಿದ್ರ ಗುಂಡ್ ಹೊಡೀತಾರೇನ್ರಿ?"

"ಬರಿಗೈಲಿ ಹೋಗಬೇಡ ರೇ ಬಾಬಾ," ಎಂದು ಪ್ಯಾಕಿಂಗಿನ ನೀಲಾಬಾಯಿ ಗುಂಡಿ ಒತ್ತಿದರೆ ಬಿಚ್ಚುವ ಹೊಸ ಕೊಡೆಯೊಂದನ್ನು ಪೇಪರಿನಲ್ಲಿ ಸುತ್ತಿ ಅವನ ಕಂಕುಳಿಗೆ ತುರುಕಿದಳು.

ಆರ್ಮಿ ಆಫೀಸಿನ ಗೇಟಿನಲ್ಲಿ ಕಾವಲಿನವನು ಉದ್ದನೆಯ ಪೊಟ್ಟಣ ಕಂಡು ಹುಬ್ಬೇರಿಸಿದ. "ಖೋಲೋ!"

ಗಾಬರಿಯಲ್ಲಿ ನಂಜುಂಡ ಗುಂಡಿಯನ್ನೇ ಒತ್ತಿಬಿಟ್ಟ. ಕೊಡೆ ಫಟಾರೆಂದು ಬಿಚ್ಚಿತು, ಕಾವಲಿನವನ ಟೋಪಿ ಚರಂಡಿಗೆ ಹಾರಿತು. ಆತ ನಂಜುಂಡನ ಕತ್ತಿನಪಟ್ಟಿ ಹಿಡಿದು ನೇರ ಕ್ಯಾಪ್ಟನ್ ಮುಂದೆ ನಿಲ್ಲಿಸಿದ.

ಅಲ್ಲಿ ಆಗಲೇ ಇಂಥ ವರ್ಷಕ್ಕೊಂದು ತಿಂಗಳ ಸಿಪಾಯಿಗಳ ಹಿಂಡೇ ನೆರೆದಿತ್ತು. ಗಣಪತಿಗೆ ಬಣ್ಣ ಬಳಿಯುವ ಅಂಗಾರನಿಗೆ ಶ್ರಾವಣ ಆಗದು. ಬಾಂದ್ರಾದ ಮಿಠಾಯಿ ಅಂಗಡಿಯ ಧರ್ಮಣ್ಣನಿಗೆ ದೀಪಾವಳಿ ಆಗದು. ಬ್ಯಾಂಡ್ ಬಾರಿಸುವ ಪೂವಪ್ಪನಿಗಂತೂ ಚಳಿಗಾಲದಿಂದ ಬೇಸಿಗೆಯವರೆಗೆ ಬರೀ ಮದುವೆ. ಅಹವಾಲು ಕೇಳಿ ಕೇಳಿ ಕ್ಯಾಪ್ಟನ್ ರೋಸಿಹೋಗಿದ್ದರು.

"ಶತ್ರುವೂ ನಿಮ್ಮ ಸೀಸನ್ ನೋಡಿಕೊಂಡೇ ಬರಬೇಕೇನು?" ಎಂದು ಗುಡುಗಿ, ನಂಜುಂಡನತ್ತ ಬೆರಳು ತೋರಿದರು. "ಸೂಪರ್‌ವೈಸರ್ ಅಲ್ಲವಾ ನೀನು? ಎಲ್ಲರಿಗೂ ಹೊಂದುವ ದಿನ ನೀನೇ ಹುಡುಕು. ಒಮ್ಮೆ ನಿಗದಿಯಾದ ಮೇಲೆ ಯಾರಿಗೂ ವಿನಾಯಿತಿ ಇಲ್ಲ!"

ನಂಜುಂಡನಿಗೆ ಹುರುಪು ಬಂತು. ಒಬ್ಬನನ್ನು ಗದರಿಸಿ, ಒಬ್ಬನಿಗೆ ಚಹಾ ಕುಡಿಸಿ, ಇನ್ನೊಬ್ಬನ ಗಲ್ಲ ಹಿಡಿದು ಸಂಜೆಯೊಳಗೆ ಎಲ್ಲರನ್ನೂ ಒಪ್ಪಿಸಿದ. ಕ್ಯಾಪ್ಟನ್ ಕೈಕುಲುಕಿ ಅಲ್ಲೇ ಹುಕುಂ ಹೊರಡಿಸಿದರು. ಮೇ ತಪ್ಪಿತೆಂದು ಫೋನಿನಲ್ಲಿ ಕೇಳಿದ್ದೇ ಸೇಠ್ ಕೂಡ, "ಶಾಬಾಶ್! ತೇರಾ ದಸರಾ ಪಕ್ಕಾ!" ಎಂದರು.

ನಂಜುಂಡ ಲೋಕಲ್ ರೈಲಿನಲ್ಲಿ ಎದೆಯುಬ್ಬಿಸಿಕೊಂಡೇ ನಿಂತು ಮನೆಗೆ ಬಂದ. ಸುದ್ದಿ ಕೇಳಿ ಶಾಮಲಾ ಆಗಲೇ ಅಟ್ಟದ ಮೇಲಿನ ಸೂಟ್‌ಕೇಸ್ ಇಳಿಸಿದಳು. ಧೂಳು ಒರೆಸುತ್ತ ಕೇಳಿದಳು:

"ಅದ್ಸರಿ ಕಣ್ರೀ, ಕ್ಯಾಂಪು ಯಾವಾಗ ಹಾಗಾದ್ರೆ?"

"ಗಣಪತಿ ನೀರಿಗೆ ಬಿಟ್ಟಮೇಲೆ ಒಂದು ತಿಂಗಳು ಕಣೇ. ದೀಪಾವಳಿ ಮಿಠಾಯಿಗೆ ಒಲೆ ಹಚ್ಚೋದ್ರೊಳಗೆ ವಾಪಸ್. ಆಗ ಯಾರಿಗೂ ಏನೂ ಇರಲ್ಲ ನೋಡು!"

ಶಾಮಲಾ ಒರೆಸುವುದನ್ನು ನಿಲ್ಲಿಸಿದಳು.

"ಮೈಸೂರಿನವರಾಗಿ ಹೇಳ್ತೀರಲ್ರೀ! ಮತ್ತೆ ದಸರಾ ಬರೋದು ಯಾವಾಗ?"