ಕತ್ತಲಲ್ಲಿ ಫಾಲ್ಸ್ ಹೊಲಿಯುವ ಅಕ್ಕ

ಉಳಿತಾಯವನ್ನು ನಾವೇ ಮಾಡುವುದು ಕಷ್ಟ. ಬೇರೆಯವರ ಕೈಲಿ ಮಾಡಿಸುವುದು ಬಲು ಸುಲಭ. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವಳಾದರೂ ಇದೊಂದನ್ನು ಚೆನ್ನಾಗಿ ಕಲಿತಿದ್ದೇನೆ.

ಸಾರಕ್ಕಿಯಲ್ಲಿ ನಾನೂ ಅಕ್ಕನೂ ಇರುವ ಬಾಡಿಗೆ ಮನೆಗೆ ಓನರ್ ಪ್ರೀಪೇಯ್ಡ್ ಮೀಟರ್ ಹಾಕಿಸಿದರು. ಮೊಬೈಲಿನ ಹಾಗೆ ಮೊದಲೇ ರೀಚಾರ್ಜ್ ಮಾಡಬೇಕು. ಮುಗಿದರೆ ಕರೆಂಟ್ ಕಟ್. ಎಷ್ಟು ಉಳಿದಿದೆ ಎಂದು ತೋರಿಸುವ ಪುಟ್ಟ ಡಬ್ಬಿಯೊಂದು ನಡುಮನೆಯ ಗೋಡೆಯಲ್ಲಿ ಕೆಂಪು ಕಣ್ಣು ಬಿಟ್ಟುಕೊಂಡು ಕೂತಿದೆ. ಮುಂಚೆ ಬಿಲ್ಲು ಬಂದಾಗ ಒಂದು ಸಲ ಬೈದು ಮರೆತುಬಿಡುತ್ತಿದ್ದೆವು. ಈಗ ಫ್ಯಾನ್ ಹಾಕಿದರೆ, ಮಿಕ್ಸಿ ತಿರುಗಿಸಿದರೆ, ಕಣ್ಣೆದುರೇ ಅಂಕಿ ಇಳಿಯುತ್ತದೆ. ಬೆಳಕು ಹರಿಯುವ ಮುಂಚೆ ಪಿಜಿಯ ಅಡುಗೆ ಕೆಲಸಕ್ಕೆ ಹೋಗಿ ಕತ್ತಲಾದ ಮೇಲೆ ಬರುವ ನನಗೆ "ಅಕ್ಕಾ, ಲೈಟ್ ಆರಿಸು" ಎನ್ನುವುದೊಂದೇ ಮಾತಾಯಿತು.

ಅಕ್ಕ ಎದುರು ಮಾತಾಡುವವಳಲ್ಲ. ಆರಿಸಿದಳು. ಕತ್ತಲಲ್ಲೇ ಈರುಳ್ಳಿ ಹೆಚ್ಚುವುದನ್ನು, ಕತ್ತಲಲ್ಲೇ ಅಕ್ಕಪಕ್ಕದವರ ಸೀರೆಗೆ ಫಾಲ್ಸ್ ಹೊಲಿಯುವುದನ್ನು ಕಲಿತಳು. ಕಾಲಿನ ಸದ್ದೂ ಇಲ್ಲ. ಬಾಗಿಲು ತೆಗೆದು ಒಳಗೆ ಬಂದರೆ ಕಿವಿಯ ಪಕ್ಕದಲ್ಲೇ "ಕಾಫಿ ಕುಡೀತೀಯಾ?" ಎಂದು ಅವಳ ದನಿ ಕೇಳುತ್ತದೆ. ಒಂದು ಸಂಜೆ ಸೀರೆ ತಂದ ಪಕ್ಕದ ರಸ್ತೆ ಆಂಟಿಗೆ ಕತ್ತಲೊಳಗಿಂದ "ಬನ್ನಿ, ನಿಮ್ಮನ್ನೇ ಕಾಯ್ತಿದ್ದೆ" ಎಂದಳಂತೆ. ಆಂಟಿ ಚಪ್ಪಲಿ ಬಿಟ್ಟು ಓಡಿದವರು ಅದನ್ನು ತಗೊಳ್ಳಲೂ ಬರಲಿಲ್ಲ. ಆಮೇಲೆ ಸೀರೆ ತರುವವರೇ ನಿಂತುಹೋದರು. ಅಕ್ಕನಿಗೆ ಮಾತಾಡಲು ಇದ್ದ ಜನವೂ ಅವರೇ.

ಅಷ್ಟಾದರೂ ಅಂಕಿ ಇಳಿಯುತ್ತಲೇ ಇತ್ತು. "ಎಲ್ಲಾ ಆರಿಸಿದೀನಿ ಕಣೇ. ಮನೇಲಿ ಇನ್ಯಾರೋ ಇದಾರೆ" ಎಂದಳು ಅಕ್ಕ.

ಇದ್ದದ್ದು ನಾನೇ. ನನಗೆ ಕತ್ತಲೆಂದರೆ ಭಯ. ರೂಮಿನ ಬಾಗಿಲು ಹಾಕಿ, ಕೆಳಗಿನ ಸಂದಿಗೆ ಟವೆಲ್ ತುರುಕಿ, ಲೈಟೂ ಫ್ಯಾನೂ ಹಾಕಿಕೊಂಡೇ ಮಲಗುತ್ತಿದ್ದೆ.

ಮೊನ್ನೆ ಸಂಜೆ ಅಕ್ಕ "ಇನ್ಮೇಲೆ ಯಾರೂ ಬರಲ್ಲ ಬಿಡು" ಎಂದು ಸೂಜಿದಾರದ ಡಬ್ಬಿಯನ್ನು ಅಟ್ಟಕ್ಕೆ ಹಾಕಿದಳು. ನನಗೆ ತಡೆಯಲಾಗಲಿಲ್ಲ. ಕತ್ತಲಲ್ಲೇ ಅವಳ ಕುರ್ಚಿಯ ಮುಂದೆ ಕೂತು ಟವೆಲಿನ ಕಥೆಯನ್ನೆಲ್ಲ ಹೇಳಿಕೊಂಡು ಅತ್ತೆ. ಅವಳ ಮಂಡಿ ಹಿಡಿದುಕೊಂಡೆ, ಮೆತ್ತಗಿತ್ತು.

"ಅದು ಕುರ್ಚಿ ಮೇಲಿನ ರಗ್ಗು ಕಣೇ" ಎಂದಿತು ಬೆನ್ನ ಹಿಂದಿನಿಂದ ಅಕ್ಕನ ದನಿ. "ಅಳಬೇಡ. ಲೈಟ್ ಹಾಕು."

ಗೋಡೆ ತಡಕಿದೆ. ನಡುಮನೆಯ ಸ್ವಿಚ್ಚನ್ನು ಆರಿಸಲು ಹೇಳಿದ್ದುಂಟೇ ಹೊರತು ನಾನಾಗಿ ಮುಟ್ಟಿದ್ದಿಲ್ಲ. ತಣ್ಣನೆಯ ಕೈಯೊಂದು ನನ್ನ ಮಣಿಕಟ್ಟು ಹಿಡಿದು, ಇನ್ನೊಂದು ಗೋಡೆಯ ಬಳಿಗೆ ನಡೆಸಿ, ಬೆರಳನ್ನು ಸ್ವಿಚ್ಚಿನ ಮೇಲೆ ಇಟ್ಟಿತು.

"ಹಾಕೇ. ನಿನ್ನ ಮುಖ ನೋಡಿ ಎಷ್ಟು ದಿನ ಆಯ್ತು."

ಹುಟ್ಟಿದಾಗಿನಿಂದ ಮೊದಲ ಸಲ, ಕತ್ತಲೇ ಇರಲಿ ಅನ್ನಿಸಿತು ನನಗೆ.